ಕಂಬಳದ ಓಟಗಾರನನ್ನು ಅಳೆಯುವುದು ಹೇಗೆ?

ಮಂಗಳೂರಿನಿಂದ ಬರುವ ಹೆದ್ದಾರಿ ಬಿ.ಸಿ.ರೋಡಿನಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ ಕಲ್ಲಡ್ಕ, ಮಾಣಿ, ಉಪ್ಪಿನಂಗಡಿಯತ್ತ ಹೋಗುತ್ತದೆ. ಇನ್ನೊಂದು ಪುಂಜಾಲಕಟ್ಟೆ, ಬೆಳ್ತಂಗಡಿ, ಉಜಿರೆಗಳ ಮೇಲಿಂದ ಚಾರ್ಮಾಡಿ ಘಾಟಿ ಹತ್ತುತ್ತದೆ. ಬಂಟ್ವಾಳದ ಬದಿಯಿಂದ ಹೊರಡುವ ಮೂರನೆಯದು ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆ ಸೇರುತ್ತದೆ. ಮಳೆಗಾಲ ಕಳೆದು ಕೊಯ್ಲು ಮುಗಿದ ಮೇಲೆ, ನವೆಂಬರಿನಿಂದ ಮಾರ್ಚ್‌ವರೆಗೆ, ಈ ದಾರಿಗಳಲ್ಲಿ ವಾರದ ಕೊನೆಗೆ ಕೋಣಗಳನ್ನು ಹೊತ್ತ ವಾಹನಗಳು ಓಡಾಡುತ್ತವೆ. ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಕಕ್ಯಪದವಿನ ಸತ್ಯ-ಧರ್ಮ, ವೇಣೂರು ಪೆರ್ಮುಡದ ಸೂರ್ಯ-ಚಂದ್ರ, ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಜೋಡುಕರೆ ಕಂಬಳಗಳ ಹೆಸರುಗಳಿವು. ಈ ಕರೆಗಳಲ್ಲಿ, ಎಂದರೆ ಕೆಸರು ತುಂಬಿದ ಓಟದ ಗದ್ದೆಗಳಲ್ಲಿ, ಕೋಣಗಳ ಹಿಂದೆ ಓಡುವ ಮನುಷ್ಯನಿಗೂ ಒಂದು ಚರಿತ್ರೆ ಇದೆ. ಕಂಬಳದ ಆಚರಣೆಯ ಬಗ್ಗೆ, ಗುತ್ತು ಬರ್ಕೆಗಳೆಂಬ ಭೂಮಾಲೀಕ ಮನೆತನಗಳ ಬಗ್ಗೆ, ಕೋಣಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರಹ ಬಂದಿದೆ. ಓಡಿಸುವವನ ದೇಹದ ಬಗ್ಗೆ, ಆ ದೇಹ ಕಲಿತ ವಿದ್ಯೆಯ ಬಗ್ಗೆ ಬಂದದ್ದು ಕಡಿಮೆ. 2020ರಲ್ಲಿ ಇಡೀ ದೇಶ ಅವನತ್ತ ತಿರುಗಿ ನೋಡಿತಾದರೂ ಕೈಯಲ್ಲಿ ಹಿಡಿದದ್ದು ತಪ್ಪು ಅಳತೆಗೋಲನ್ನು. ಅವನನ್ನು ಅಳೆಯಲೇಬೇಕು, ಆದರೆ ಅವನ ಓಟ ಯಾವ ಬಗೆಯದೆಂದು ತಿಳಿದು ಅಳೆಯಬೇಕು, ಆ ಅಳತೆಯಲ್ಲಿ ಅವನೂ ಪಾಲುದಾರನಾಗಿರಬೇಕು ಎಂಬುದು ಈ ಬರಹದ ವಾದ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. 2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್ 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು. ವಿಡಿಯೊ ದೇಶವಿದೇಶ ಸುತ್ತಿತು, ಉದ್ಯಮಿಗಳು ಟ್ವೀಟ್ ಮಾಡಿದರು, ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರ ಮುಂದೆ ಪರೀಕ್ಷೆಗೆ ಬರುವಂತೆ ಕರೆದರು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಎರಡೇ ವಾರಗಳಲ್ಲಿ ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರ್ ಓಡಿದ್ದನ್ನು ಅದೇ ರೀತಿ ಇಳಿಸಿದಾಗ 9.51 ಬಂತು, ಮತ್ತೊಮ್ಮೆ ಅದೇ ಗದ್ದಲ. ಕಟ್ಟಡ ಕೆಲಸ ಮಾಡಿಕೊಂಡಿದ್ದ ಶ್ರೀನಿವಾಸ ಗೌಡರು ಆ ಪರೀಕ್ಷೆಗೆ ಒಪ್ಪಲಿಲ್ಲ. ಕಂಬಳದ ಋತು ಇನ್ನೂ ಮುಗಿದಿಲ್ಲ, ಕಾಲಿಗೆ ನೋವಾಗಿದೆ ಎಂದರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದೂ ಹೇಳಿದರು. ಕೆಲವರಿಗೆ ಇದು ಹಳ್ಳಿಯವನ ಸಂಕೋಚವಾಗಿ ಕಂಡಿತು, ಇನ್ನು ಕೆಲವರಿಗೆ ಕೈಬಿಟ್ಟ ಅವಕಾಶವಾಗಿ ಕಂಡಿತು. ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ಆ ಗದ್ದಲದಲ್ಲಿ ಸರಿಯಾಗಿ ಮಾತಾಡಿದವರು ಅವರೇ ಎಂಬುದು ತಿಳಿಯುತ್ತದೆ.

142.5 ಮೀಟರಿನ ಓಟವನ್ನು ಭಾಗಾಕಾರ ಮಾಡಿ 100 ಮೀಟರಿನ ಓಟವಾಗಿಸುವುದು ಓಟದ ಸ್ವಭಾವಕ್ಕೇ ಹೊಂದುವುದಿಲ್ಲ. ನಿಂತ ನಿಲುವಿನಿಂದ ಪೂರ್ಣ ವೇಗಕ್ಕೆ ಏರಲು ಉನ್ನತ ಮಟ್ಟದ ಓಟಗಾರನಿಗೆ ಐವತ್ತು ಅರವತ್ತು ಮೀಟರ್ ಬೇಕು. ದೂರ ಸ್ವಲ್ಪ ಹೆಚ್ಚಾದರೆ ಆರಂಭದ ಆ ನಿಧಾನ ಹೆಚ್ಚು ಮೀಟರುಗಳ ಮೇಲೆ ಹಂಚಿಹೋಗಿ ಸರಾಸರಿ ಏರುತ್ತದೆ. ಬೋಲ್ಟ್ ಅವರ ಓಟವನ್ನೇ ತೆಗೆದುಕೊಳ್ಳಿ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಕಿದ್ದ ನೇರ ಟ್ರ್ಯಾಕಿನಲ್ಲಿ ಅವರು 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದರು. ಕೊನೆಯ 100 ಮೀಟರಿಗೆ ಹಿಡಿದದ್ದು 8.70 ಸೆಕೆಂಡ್ ಮಾತ್ರ. ಅದನ್ನು ಯಾರೂ 100 ಮೀಟರಿನ ವಿಶ್ವದಾಖಲೆ ಎನ್ನಲಿಲ್ಲ, ಏಕೆಂದರೆ ಆ 100 ಮೀಟರನ್ನು ಅವರು ಆರಂಭಿಸಿದ್ದೇ ಬಹುತೇಕ ಪೂರ್ಣ ವೇಗದಲ್ಲಿ. ಎರಡನೆಯ ಸಾಕ್ಷಿ ಬಂಟ್ವಾಳ ತಾಲೂಕಿನದೇ. 2021ರ ಮಾರ್ಚ್‌ನಲ್ಲಿ ಕಕ್ಯಪದವಿನ ಕರೆಯಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡುಗಳಲ್ಲಿ ಮುಗಿಸಿದರು. ಹಳೆಯ ಲೆಕ್ಕದಂತೆ ಇಳಿಸಿದರೆ 100 ಮೀಟರಿಗೆ ಸುಮಾರು 8.97 ಸೆಕೆಂಡ್. ಅಂದರೆ ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಅರ್ಧ ಸೆಕೆಂಡಿಗೂ ಮಿಕ್ಕ ಸುಧಾರಣೆ. ಪುರುಷರ 100 ಮೀಟರ್ ವಿಶ್ವದಾಖಲೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಿಮ್ ಹೈನ್ಸ್ ಓಡಿದ 9.95ರಿಂದ ಬೋಲ್ಟ್ ಓಡಿದ 9.58ಕ್ಕೆ ಇಳಿಯಲು 41 ವರ್ಷ ಬೇಕಾಯಿತು, ಇಳಿದದ್ದು 0.37 ಸೆಕೆಂಡ್. ಮನುಷ್ಯನ ಸ್ನಾಯು ಒಂದೇ ವರ್ಷದಲ್ಲಿ ಅಷ್ಟು ಬದಲಾಗದು. ಬದಲಾದದ್ದು ಕರೆ, ನೀರಿನ ಮಟ್ಟ, ಕೆಸರಿನ ಹದ, ಮುಂದೆ ಓಡುವ ಜೋಡಿ. ಕಂಬಳದ ಗಡಿಯಾರ ತೋರಿಸುವುದು ಎರಡು ಕೋಣ, ಒಬ್ಬ ಮನುಷ್ಯ, ಒಂದು ಗದ್ದೆ ಸೇರಿ ಮಾಡಿದ ಕೆಲಸದ ಸಮಯವನ್ನು. ಅದರಿಂದ ಮನುಷ್ಯನ ಪಾಲನ್ನು ಬೇರ್ಪಡಿಸಿ ತೆಗೆಯಲು ಭಾಗಾಕಾರ ಸಾಲದು.

ಆ ದಿನಗಳಲ್ಲಿ ಬಂದ ಮಾತುಗಳಲ್ಲೆಲ್ಲ ಹೆಚ್ಚು ಬೆಲೆಬಾಳುವುದು ಶ್ರೀನಿವಾಸ ಗೌಡರದೇ ಒಂದು ಮಾತು. ಕಂಬಳದಲ್ಲಿ ಓಡುವವರು ಹಿಮ್ಮಡಿ ಬಳಸುತ್ತಾರೆ, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಮೇಲಾಗಿ ಕಂಬಳದಲ್ಲಿ ಕೋಣಗಳ ಪಾಲೂ ಇದೆ ಎಂದು ಅವರು ಹೇಳಿದರು. ಈ ಎರಡು ಮಾತುಗಳಲ್ಲಿ ಒಂದು ಪ್ರಯೋಗಾಲಯಕ್ಕೆ ಸಾಲುವಷ್ಟು ಪ್ರಶ್ನೆಗಳಿವೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ವೇಗದ ಓಟಗಾರ ಪಾದದ ಮುಂಭಾಗವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ನೆಲಕ್ಕೆ ತಾಗಿಸಿ ಚಿಮ್ಮುತ್ತಾನೆ. ನೆಲ ಗಟ್ಟಿಯಾಗಿದ್ದು ತಾನು ಪಡೆದ ಬಲವನ್ನು ಹಿಂದಿರುಗಿಸುತ್ತದೆ. ಕೆಸರು ಹಾಗೆ ಹಿಂದಿರುಗಿಸುವುದಿಲ್ಲ, ನುಂಗಿಕೊಳ್ಳುತ್ತದೆ. ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು ತೋರಿಸಿದ್ದಾರೆ. ನೀರು ನಿಂತ ಕರೆಯಲ್ಲಿ ಬರಿಗಾಲು ಎಲ್ಲಿ ಊರುತ್ತದೆ, ಎಷ್ಟು ಆಳ ಇಳಿಯುತ್ತದೆ, ಹಿಮ್ಮಡಿ ಊರಿ ಸಮತೋಲ ಹಿಡಿದ ಮೇಲೆ ಪಾದ ಹೇಗೆ ಕಳಚಿಕೊಳ್ಳುತ್ತದೆ ಎಂಬುದು ಬೇರೆಯೇ ತಂತ್ರ. ಇನ್ನು ಕೋಣಗಳ ಪಾಲು. ಓಟಗಾರನನ್ನು ಮುಂದಿನಿಂದ ಎಳೆದು ಅವನ ಸ್ವಂತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಅಭ್ಯಾಸ ಅಥ್ಲೆಟಿಕ್ಸ್ ತರಬೇತಿಯಲ್ಲೂ ಇದೆ. ಸೊಂಟಕ್ಕೆ ಕಟ್ಟಿದ ರಬ್ಬರ್ ಹಗ್ಗ ಎಳೆಯುವಾಗ ಹೆಜ್ಜೆಯ ಉದ್ದ ಹಿಗ್ಗುತ್ತದೆ. ಆದರೆ ಆ ತರಬೇತಿಯಲ್ಲಿ ಎಳೆಯುವುದು ನಿರ್ಜೀವ ಸಾಧನ. ಕಂಬಳದಲ್ಲಿ ಎಳೆಯುವವು ಜೀವ ಇರುವ ಎರಡು ಪ್ರಾಣಿಗಳು. ಎಳೆತ ಸೊಂಟಕ್ಕೆ ಬರದೆ ಕೈಗೆ ಬರುತ್ತದೆ, ಕೈಯಿಂದ ಭುಜಕ್ಕೆ, ಬೆನ್ನಿಗೆ, ಸೊಂಟಕ್ಕೆ, ಕೊನೆಗೆ ಕೆಸರಿನಲ್ಲಿ ಊರಿದ ಹಿಮ್ಮಡಿಗೆ ಇಳಿಯುತ್ತದೆ. ಹಗ್ಗವನ್ನು ಎಷ್ಟು ಬಿಗಿ ಹಿಡಿಯಬೇಕು, ಯಾವ ಕ್ಷಣ ಸಡಿಲಿಸಬೇಕು, ಎರಡರಲ್ಲಿ ಒಂದು ಕೋಣ ಹಿಂದೆ ಬಿದ್ದರೆ ಮೈಯನ್ನು ಯಾವ ಕಡೆ ವಾಲಿಸಬೇಕು ಎಂಬುದನ್ನು ಈ ಓಟಗಾರರು ವರ್ಷಗಟ್ಟಲೆ ಓಡಿ ಮೈಗೂಡಿಸಿಕೊಂಡಿದ್ದಾರೆ. ಬೋಲ್ಟ್ ಜೊತೆಗಿನ ಹೋಲಿಕೆ ಈ ವಿದ್ಯೆಯನ್ನೆಲ್ಲ ಅಳಿಸಿಹಾಕಿ ಒಂದು ಅಂಕಿಯನ್ನು ಮಾತ್ರ ಉಳಿಸಿತು.

ಕಂಬಳಕ್ಕೂ ಅಳತೆಗೂ ಸಂಬಂಧವಿಲ್ಲ, ಅಂಕಿಗಳ ಹುಚ್ಚು ಹೊರಗಿನಿಂದ ಬಂತು ಎಂದು ಇಲ್ಲಿ ಯಾರಾದರೂ ಹೇಳಬಹುದು. ಚರಿತ್ರೆ ಹಾಗಿಲ್ಲ. ಗದ್ದೆಯಲ್ಲಿ ಪೂಕರೆ ಎಂಬ ಅಲಂಕರಿಸಿದ ಕಂಬ ನೆಡುವ, ದೈವಕ್ಕೆ ಸಲ್ಲಿಸುವ ಸಾಂಪ್ರದಾಯಿಕ ಕಂಬಳಗಳಲ್ಲಿ ಸ್ಪರ್ಧೆ ಮುಖ್ಯವಾಗಿರಲಿಲ್ಲ ಎಂಬುದು ನಿಜ. ಆದರೂ ಕನೆಹಲಗೆಯ ವಿಭಾಗವನ್ನು ನೋಡಿ. ಓಟಗಾರ ತೂತುಗಳಿರುವ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ, ಕೋಣಗಳು ಎಳೆದಾಗ ತೂತುಗಳಿಂದ ನೀರು ಚಿಮ್ಮುತ್ತದೆ. ಕರೆಯ ಮೇಲೆ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರವನ್ನು ಗೊತ್ತುಮಾಡಿರುತ್ತಾರೆ. ಗಡಿಯಾರದ ನೆರವಿಲ್ಲದೆ ವೇಗ, ಬಲ, ಹಲಗೆಯನ್ನು ಒತ್ತಿ ಹಿಡಿಯುವ ಸಮತೋಲ ಮೂರನ್ನೂ ಒಟ್ಟಿಗೆ ಅಳೆಯುವ ಸೊಗಸಾದ ಉಪಾಯವಿದು. ಕೋಣದ ಹಲ್ಲು ನೋಡಿ ಪ್ರಾಯ ಹೇಳುವುದು, ಅದರಂತೆ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗ ಮಾಡುವುದು ಕೂಡ ಅಳತೆಯೇ. 1970ರ ಆಸುಪಾಸಿನಲ್ಲಿ ಕಾರ್ಕಳ ಕಡೆಯ ಬಜಗೋಳಿಯಲ್ಲಿ ಲವ-ಕುಶ ಜೋಡುಕರೆ ಕಂಬಳ ಆರಂಭವಾದ ಮೇಲೆ, ಎರಡು ಕರೆಗಳನ್ನು ಅಕ್ಕಪಕ್ಕ ಹಾಕಿ ಎರಡು ಜೋಡಿಗಳನ್ನು ಒಟ್ಟಿಗೆ ಬಿಡುವ ಆಧುನಿಕ ಪದ್ಧತಿ ಊರೂರಿಗೆ ಹರಡಿತು. ಆ ಮೇಲೆ ಹೊನಲು ಬೆಳಕು ಬಂತು, ಕರೆಯ ಕೊನೆಯ ಮಂಜೊಟ್ಟಿಯ ಬಳಿ ಗುರಿ ಮುಟ್ಟಿದ್ದನ್ನು ಗುರುತಿಸಲು ಲೇಸರ್ ಕಿರಣದ ಸೆನ್ಸಾರ್ ಬಂತು, ಸೆಕೆಂಡಿನ ನೂರನೇ ಭಾಗದವರೆಗೆ ತೋರಿಸುವ ಫಲಕ ಬಂತು. ಇದನ್ನೆಲ್ಲ ತಂದುಕೊಂಡವರು ಕಂಬಳದವರೇ. ತೀರ್ಪಿನ ಜಗಳ ತಪ್ಪಬೇಕು, ನ್ಯಾಯ ಎಲ್ಲರಿಗೂ ಕಾಣಬೇಕು ಎಂಬ ಒಳಗಿನ ಒತ್ತಾಯವೇ ಅದಕ್ಕೆ ಕಾರಣ.

ಹಾಗಾದರೆ ಕೊರತೆ ಎಲ್ಲಿದೆ? ಅಳತೆ ಬೆಳೆದದ್ದು ಫಲಿತಾಂಶದ ಸುತ್ತ, ದೇಹದ ಸುತ್ತ ಅಲ್ಲ. ಇದಕ್ಕೆ ಸಾಮಾಜಿಕ ಕಾರಣ ಇದೆ. ಹಿಂದೆ ಗದ್ದೆ ಗುತ್ತಿನದು, ಕೋಣ ಗುತ್ತಿನದು, ಕಂಬಳದಿಂದ ಬರುವ ಮರ್ಯಾದೆಯೂ ಗುತ್ತಿನದು. ಓಡಿಸುವವನು ಬಹುಮಟ್ಟಿಗೆ ಅದೇ ಮನೆಯ ಒಕ್ಕಲು ಅಥವಾ ಕೆಲಸದಾಳು. ಅವನಿಗಿಂತ ಕೆಳಗೆ ಇಟ್ಟವರ ದೇಹಕ್ಕಂತೂ ಬೆಲೆಯೇ ಇರಲಿಲ್ಲ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಗದ್ದೆಯ ಬಳಿ ಡೋಲು ಬಾರಿಸುತ್ತ ಕೂರಿಸುವುದು, ಕೋಣಗಳನ್ನು ಇಳಿಸುವ ಮೊದಲು ಅವರನ್ನು ಕೆಸರಿನಲ್ಲಿ ಓಡಿಸುವುದು ಒಂದು ಕಾಲದಲ್ಲಿ ಕಟ್ಟುಕಟ್ಟಳೆಯ ಭಾಗವಾಗಿತ್ತು. ಇಂಥ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕಂಬಳದ ಚರಿತ್ರೆಯನ್ನು ಪ್ರೀತಿಯಿಂದ ಬರೆಯುವವರು ಈ ಪುಟವನ್ನು ಹಾರಿಸಬಾರದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ದಕ್ಷಿಣ ಕನ್ನಡದಲ್ಲಿ ಗೇಣಿದಾರರನ್ನು ದೊಡ್ಡ ಸಂಖ್ಯೆಯಲ್ಲಿ ಭೂಮಾಲೀಕರನ್ನಾಗಿ ಮಾಡಿತು. ಗುತ್ತಿನ ಮನೆಗಳ ಏಕಸ್ವಾಮ್ಯ ಸಡಿಲಿತು, ಕಂಬಳ ಸಮಿತಿಗಳ ಕೈಗೆ ಬಂತು, ಕೋಣ ಸಾಕುವವರಲ್ಲಿ ಹೊಸಬರು ಸೇರಿದರು, ಓಡಿಸುವವನು ಸಂಭಾವನೆ ಪಡೆಯುವ ವೃತ್ತಿನಿರತನಾದ. ಇಷ್ಟಾದರೂ ಮರುದಿನದ ಪತ್ರಿಕೆಯಲ್ಲಿ ಫಲಿತಾಂಶ ಬರುವ ಕ್ರಮ ನೋಡಿ. ಮೊದಲು ವಿಭಾಗ, ಆಮೇಲೆ ಸ್ಥಾನ, ಆಮೇಲೆ ಯಜಮಾನರ ಮನೆಯ ಹೆಸರು, ಕೊನೆಗೆ ‘ಓಡಿಸಿದವರು’ ಎಂದು ಒಂದು ಹೆಸರು. ಗೆದ್ದದ್ದು ಕೋಣ, ಪಡೆದದ್ದು ಯಜಮಾನ, ಓಡಿಸಿದ್ದು ಇನ್ನೊಬ್ಬ. ಈ ಸಾಲಿನ ಕೊನೆಯಲ್ಲಿ ನಿಂತವನ ಮೊಣಕಾಲು, ಪಾದದ ಕೀಲು, ಭುಜ ಏನಾಯಿತು, ಎಷ್ಟು ವರ್ಷ ಓಡಿದ, ಬಿಟ್ಟ ಮೇಲೆ ಏನು ಮಾಡಿದ ಎಂಬುದು ಯಾರ ದಾಖಲೆಗೂ ಸೇರಲಿಲ್ಲ.

ಬೋಲ್ಟ್ ಬೇಡವಾದರೆ ಕಂಬಳದ ಓಟಗಾರನನ್ನು ಯಾರ ಜೊತೆ ಇಟ್ಟು ನೋಡಬೇಕು? ಫುಟ್‌ಬಾಲ್ ಆಟಗಾರನ ಜೊತೆ ಇಟ್ಟು ನೋಡುವುದು ಮೇಲು ಎಂದು ನನಗೆ ತೋರುತ್ತದೆ. ಕಂಬಳ ಬೆಳಿಗ್ಗೆ ಆರಂಭವಾದರೆ ಮರುದಿನದವರೆಗೆ ನಡೆಯುತ್ತದೆ. ಹೆಸರಾದ ಓಟಗಾರ ಬೇರೆ ಬೇರೆ ವಿಭಾಗಗಳಲ್ಲಿ, ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ. ಆರಂಭದ ಸುತ್ತುಗಳಿಂದ ಫೈನಲ್‌ವರೆಗೆ ಹನ್ನೆರಡು ಹದಿಮೂರು ಸೆಕೆಂಡಿನ ಪೂರ್ಣಬಲದ ಓಟ, ಕಾಯುವಿಕೆ, ಮತ್ತೆ ಓಟ, ನಡುವೆ ನಿದ್ದೆಗೆಟ್ಟ ರಾತ್ರಿ. ನಾಲ್ಕೈದು ತಿಂಗಳ ಉದ್ದಕ್ಕೂ ವಾರವಾರವೂ ಹೀಗೆಯೇ. ಅವನ ಗೆಲುವನ್ನು ತೀರ್ಮಾನಿಸುವುದು ಒಂದು ಓಟದ ವೇಗಕ್ಕಿಂತ, ಓಟ ಮುಗಿದ ಮೇಲೆ ದೇಹ ಚೇತರಿಸಿಕೊಳ್ಳುವ ಬಗೆ. ಫುಟ್‌ಬಾಲ್ ವಿಜ್ಞಾನ ಹುಟ್ಟಿದ್ದೂ ಇದೇ ಪ್ರಶ್ನೆಯಿಂದ. 1976ರಲ್ಲಿ ಲಿವರ್‌ಪೂಲ್‌ನ ಥಾಮಸ್ ರೈಲಿ ಮತ್ತು ಅವರ ಸಹೋದ್ಯೋಗಿ ವೃತ್ತಿಪರ ಆಟಗಾರರು ಪಂದ್ಯದುದ್ದಕ್ಕೂ ಎಲ್ಲಿ ಎಷ್ಟು ಓಡುತ್ತಾರೆಂದು ಹೆಜ್ಜೆ ಹೆಜ್ಜೆಯಾಗಿ ಗುರುತು ಹಾಕಿದರು. ಪಂದ್ಯಕ್ಕೆ ಸರಾಸರಿ ಒಂಬತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಅದರಲ್ಲಿ ಹೆಚ್ಚಿನ ಪಾಲು ನಡಿಗೆ ಮತ್ತು ನಿಧಾನದ ಓಟ, ನಡುನಡುವೆ ಸಿಡಿಯುವ ವೇಗ ಎಂಬುದು ತಿಳಿಯಿತು. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಆ ದೇಶದ ಉನ್ನತ ಲೀಗಿನಲ್ಲಿ ಆಡಿದ ಫುಟ್‌ಬಾಲಿಗ. ಆಡುತ್ತಲೇ ಶರೀರಕ್ರಿಯಾಶಾಸ್ತ್ರ ಓದಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು, ಮುಂದೆ ಇಟಲಿಯ ಯುವೆಂಟಸ್ ತಂಡದ ಸಹಾಯಕ ಕೋಚ್ ಆಗಿಯೂ ದುಡಿದರು. ಅವರು ರೂಪಿಸಿದ್ದೇ ಯೋ-ಯೋ ಪರೀಕ್ಷೆ. ಇಪ್ಪತ್ತು ಮೀಟರ್ ಹೋಗಿ ಬಂದು, ಹತ್ತು ಸೆಕೆಂಡ್ ಸುಧಾರಿಸಿಕೊಂಡು, ಮತ್ತೆ ಇನ್ನಷ್ಟು ವೇಗದಲ್ಲಿ ಓಡುವ ಈ ಪರೀಕ್ಷೆ 2017ರ ಹೊತ್ತಿಗೆ ಭಾರತ ಕ್ರಿಕೆಟ್ ತಂಡದ ಆಯ್ಕೆಯಲ್ಲಿ ಮಾತಿಗೆ ಬಂದು ನಮ್ಮ ಮನೆಮನೆಗೂ ಗೊತ್ತಾಯಿತು. ಅದರ ಹಿಂದೆ ಇರುವುದು ಮೈದಾನದಲ್ಲಿ ದಣಿದ ಒಬ್ಬ ಆಟಗಾರನ ಅನುಭವ. ಮತ್ತೆ ಮತ್ತೆ ಓಡಬೇಕಾದವನನ್ನು ಒಂದೇ ಸಲ ಓಡುವವನ ಅಳತೆಯಲ್ಲಿ ಅಳೆಯಬಾರದು ಎಂಬುದನ್ನು ಆಡಿ ತಿಳಿದವರೇ ಪ್ರಯೋಗಾಲಯಕ್ಕೆ ಒಯ್ದರು. ಕಂಬಳಕ್ಕೆ ಬೇಕಾಗಿರುವುದು ಇಂಥ ದಾರಿ.

ಆ ದಾರಿಯ ಅರ್ಧ ಭಾಗ ಈ ಸೀಮೆಯಲ್ಲಿ ಆಗಲೇ ಸಿದ್ಧವಾಗಿದೆ. ಪ್ರೊ. ಗುಣಪಾಲ ಕಡಂಬರ ಮುಂದಾಳ್ತನದ ಕಂಬಳ ಅಕಾಡೆಮಿ 2011ರಲ್ಲಿ ಯುವಕರಿಗೆ ಮೊದಲ ತರಬೇತಿ ನಡೆಸಿತು. ಯೋಗ, ವ್ಯಾಯಾಮ, ಕೋಣಗಳ ಆರೈಕೆ, ಕರೆಯ ಶಿಸ್ತು ಎಲ್ಲವನ್ನೂ ಪಾಠವಾಗಿ ಕಲಿಸಬಹುದು ಎಂದು ಅದು ತೋರಿಸಿಕೊಟ್ಟಿತು. ಶ್ರೀನಿವಾಸ ಗೌಡರು ಅಲ್ಲಿನ ಮೊದಲ ತಂಡದವರು. ಅಪ್ಪ, ಮಾವಂದಿರ ಹಿಂದೆ ಓಡಿ ಕಲಿಯುತ್ತಿದ್ದ ವಿದ್ಯೆ ಶಿಬಿರದ ಪಾಠವಾದದ್ದು ಕಂಬಳದ ಚರಿತ್ರೆಯಲ್ಲಿ ದೊಡ್ಡ ತಿರುವು. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಸಂಸ್ಥೆ ಅಥ್ಲೆಟಿಕ್ಸ್‌ನಲ್ಲಿ ದೇಶದಲ್ಲೇ ಹೆಸರಾಗಿದೆ, ದೈಹಿಕ ಶಿಕ್ಷಣದ ಕಾಲೇಜನ್ನೂ ನಡೆಸುತ್ತಿದೆ. ಅಲ್ಲಿನ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ 2020ರ ಜನವರಿ ಮೊದಲ ವಾರ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆಯಿತು. ದ್ಯುತಿ ಚಂದ್ ಅವರಂಥ ಅಂತಾರಾಷ್ಟ್ರೀಯ ಓಟಗಾರ್ತಿ ಅಲ್ಲಿ ಓಡಿ ಗೆದ್ದರು. ಅದಾಗಿ ತಿಂಗಳು ತುಂಬುವ ಮೊದಲೇ ಐಕಳದ ಓಟ. ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್.ಡಿ.ಎಂ. ಕಾಲೇಜು ಇನ್ನೊಂದು ಸಾಕ್ಷಿ. ಕುಂದಾಪುರ ಕಡೆಯ ಲಾರಿ ಚಾಲಕರ ಮಗ ಗುರುರಾಜ ಪೂಜಾರಿ ಕುಸ್ತಿಪಟುವಾಗುವ ಆಸೆ ಹೊತ್ತಿದ್ದವರು. ಉಜಿರೆಯಲ್ಲಿ ತರಬೇತುದಾರರ ಕಣ್ಣಿಗೆ ಬಿದ್ದು ಭಾರ ಎತ್ತಲು ತೊಡಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ 249 ಕಿಲೋ ಎತ್ತಿ ಬೆಳ್ಳಿ ಪಡೆದರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದರು. ದೇಹವನ್ನು ಓದಬಲ್ಲ ಕಣ್ಣು ಊರಿನಲ್ಲೇ ಇದ್ದರೆ ಏನಾಗಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಡ. ಇಷ್ಟೆಲ್ಲ ಇದ್ದೂ ಸ್ವರಾಜ್ಯ ಮೈದಾನಕ್ಕೂ ಕಡಲಕೆರೆಯ ಕರೆಗೂ ನಡುವೆ ವಿದ್ಯೆಯ ಕೊಡುಕೊಳ್ಳುವಿಕೆ ಬೆಳೆಯಬೇಕಾದಷ್ಟು ಬೆಳೆದಿಲ್ಲ. ಎರಡೂ ಒಂದೇ ಊರಿನಲ್ಲಿವೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಒಲಿಂಪಿಕ್ಸ್ ಕನಸಿನದು. ಇಷ್ಟು ಬಲಶಾಲಿ ಓಟಗಾರರನ್ನು ಚಿಕ್ಕ ಪ್ರಾಯದಲ್ಲೇ ಆರಿಸಿ ಟ್ರ್ಯಾಕಿಗೆ ಒಯ್ದರೆ ದೇಶಕ್ಕೆ ಪದಕ ಬರುವುದಿಲ್ಲವೇ, ಕೆಸರಿನಲ್ಲೇ ಇರಿ ಎನ್ನುವುದು ಅವರಿಗೆ ಮಾಡುವ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಹೋಗಬಯಸುವ ಮಕ್ಕಳಿಗೆ ದಾರಿ ತೆರೆದಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಯ 28 ದಾಟಿದ, ಹಿಮ್ಮಡಿಯ ಓಟವನ್ನು ಮೈಗೂಡಿಸಿಕೊಂಡ ಒಬ್ಬನನ್ನು ರೈಲು ಹತ್ತಿಸಿ ಒಂದು ದಿನದ ಪರೀಕ್ಷೆಗೆ ನಿಲ್ಲಿಸಿದರೆ ಸೋಲಿನ ಹೊರತು ಬೇರೇನೂ ಸಿಗದು. ಆ ಸೋಲು ಅವನ ನಿಜವಾದ ವಿದ್ಯೆಯನ್ನೂ ಹುಸಿ ಎನ್ನಿಸಿಬಿಡುತ್ತದೆ. ಕರ್ನಾಟಕಕ್ಕೆ ಈ ಬಗೆಯ ಆಯ್ಕೆಯ ಅನುಭವ ಹೊಸತಲ್ಲ. 1980ರ ದಶಕದಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಕೇಂದ್ರ ಕ್ರೀಡಾ ಖಾತೆಯಲ್ಲಿದ್ದಾಗ, ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಿಗೆ ಕರೆದೊಯ್ದರು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿಯಂಥವರು ಹೆಸರು ಮಾಡಿದರು. ಆದರೆ 1990ರ ದಶಕದ ಮೊದಲ ಭಾಗದಲ್ಲೇ ಆ ಕೆಲಸ ನಿಂತುಹೋಯಿತು, ಮಕ್ಕಳು ಅರ್ಧದಾರಿಯಲ್ಲಿ ಊರಿಗೆ ಮರಳಿದರು. ಆಯ್ಕೆಯ ಕಣ್ಣು ಹೊರಗಿನಿಂದ ಬಂದಿತ್ತು, ದೇಹಗಳನ್ನು ಹೊರಗೆ ಒಯ್ದಿತ್ತು, ಊರಿನಲ್ಲಿ ವಿದ್ಯೆಯನ್ನು ಬಿಟ್ಟುಹೋಗಿರಲಿಲ್ಲ. ಆ ಪಾಠವನ್ನು ಮರೆತರೆ ಕಂಬಳದ ಹುಡುಗರಿಗೂ ಅದೇ ಗತಿ.

ಎರಡನೆಯ ಆಕ್ಷೇಪ ಭಕ್ತಿಯದು. ಕಂಬಳ ದೈವದ ನೆಲದಲ್ಲಿ ನಡೆಯುವ ಆಚರಣೆ, ಅದಕ್ಕೆ ನಾಡಿಮಿಡಿತ ಎಣಿಸುವ ಯಂತ್ರ ಕಟ್ಟಿದರೆ ಅದರ ಸತ್ಯ ಕೆಡುತ್ತದೆ ಎಂದು ಹಿರಿಯರು ಆತಂಕಪಡುತ್ತಾರೆ. ಈ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪೂಕರೆ ಕಂಬಳಗಳನ್ನು ಅವುಗಳ ಪಾಡಿಗೆ ಬಿಡುವುದೇ ಸರಿ. ಆದರೆ ಜೋಡುಕರೆ ಕಂಬಳ ಐವತ್ತು ವರ್ಷಗಳಿಂದ ಸ್ಪರ್ಧೆಯಾಗಿ ಬೆಳೆದಿದೆ. ಚಿನ್ನದ ಬಹುಮಾನ, ಹೊನಲು ಬೆಳಕು, ಸೆನ್ಸಾರ್, 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳ, ಇವೆಲ್ಲವನ್ನೂ ಒಪ್ಪಿಕೊಂಡ ಮೇಲೆ ಓಡುವವನ ಮೊಣಕಾಲಿನ ಆರೈಕೆಗೆ ಮಾತ್ರ ಪರಂಪರೆಯನ್ನು ಅಡ್ಡ ತರುವುದು ನ್ಯಾಯವಲ್ಲ. ಕೋಣಕ್ಕೆ ಹುರುಳಿ ಬೇಯಿಸಿ ಹಾಕುವುದರಲ್ಲಿ, ಎಣ್ಣೆ ತಿಕ್ಕಿ ನೀವುವುದರಲ್ಲಿ, ಈಜಾಡಿಸುವುದರಲ್ಲಿ ಕಂಬಳದ ಮನೆಗಳು ತೋರಿಸುವ ಶ್ರದ್ಧೆ ಅಪ್ಪಟ ದೇಹವಿಜ್ಞಾನ. ಯಾವ ಕೋಣಕ್ಕೆ ಎಷ್ಟು ತಿನ್ನಿಸಬೇಕು, ಓಟದ ಮರುದಿನ ಎಷ್ಟು ವಿಶ್ರಾಂತಿ ಬೇಕು ಎಂಬುದು ಆ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ಶ್ರದ್ಧೆಯನ್ನು ಓಡಿಸುವವನ ಮೈಗೂ ವಿಸ್ತರಿಸಿ ಎಂದರೆ ಅದು ಪರಂಪರೆಯ ಒಳಗಿನ ಬೇಡಿಕೆಯೇ ಆಗುತ್ತದೆ.

ಮೂರನೆಯ ಆಕ್ಷೇಪ ನ್ಯಾಯಾಲಯದ ಭಯದಿಂದ ಹುಟ್ಟಿದ್ದು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2016ರಲ್ಲಿ ಹೈಕೋರ್ಟಿನ ತಡೆಯಿಂದ ಕರೆಗಳು ಬರಿದಾದವು. 2017ರ ಸುಗ್ರೀವಾಜ್ಞೆ, ಆ ಮೇಲಿನ ತಿದ್ದುಪಡಿ ಕಾಯ್ದೆ, ಕೊನೆಗೆ 2023ರ ಮೇ 18ರ ಸಂವಿಧಾನ ಪೀಠದ ತೀರ್ಪು ಕಂಬಳವನ್ನು ಉಳಿಸಿದವು. ಇಷ್ಟು ಪಾಡುಪಟ್ಟ ಮೇಲೆ ಅಳತೆ, ಸಂಶೋಧನೆ ಎಂದು ಒಳಗೆ ಕರೆದರೆ ನಾಳೆ ಅದೇ ಅಂಕಿಗಳು ನಮ್ಮ ವಿರುದ್ಧ ಸಾಕ್ಷಿಯಾಗಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಆ ಒಂಬತ್ತು ವರ್ಷಗಳ ಪಾಠ ತದ್ವಿರುದ್ಧವಾಗಿದೆ. 2014ರಲ್ಲಿ ನ್ಯಾಯಾಲಯದ ಮುಂದೆ ಇದ್ದದ್ದು ಪ್ರಾಣಿ ಕಲ್ಯಾಣ ಮಂಡಳಿಯ ವರದಿಗಳು. ಪ್ರಾಣಿಯ ದೇಹದ ಬಗ್ಗೆ ಎದುರು ಪಕ್ಷದವರು ಬರೆದ ದಾಖಲೆಗೆ ಉತ್ತರವಾಗಿ ಭಾವನೆಯನ್ನು ಮಾತ್ರ ಮುಂದಿಟ್ಟರೆ ಸಾಲದು. ಬೆತ್ತದ ಬಳಕೆ ಕಡಿಮೆಯಾದಾಗ ವೇಗ ತಗ್ಗುತ್ತದೆಯೇ, ಓಟಗಾರನ ಹಿಡಿತ ನುರಿತದ್ದಾದರೆ ಕೋಣದ ಶ್ರಮ ಇಳಿಯುತ್ತದೆಯೇ, ಕರೆಯಲ್ಲಿ ನೀರು ಎಷ್ಟಿದ್ದರೆ ಎರಡೂ ಜೀವಗಳಿಗೆ ಹಿತ ಎಂಬುದನ್ನು ಕಂಬಳದವರೇ ಅಳೆದು ಇಟ್ಟುಕೊಂಡರೆ ಅದು ಅವರ ರಕ್ಷಣೆಗೆ ನಿಲ್ಲುತ್ತದೆ. ಅಳತೆಯಲ್ಲಿ ತಪ್ಪು ಕಂಡರೆ ತಿದ್ದಿಕೊಳ್ಳಲು ದಾರಿ ಸಿಗುತ್ತದೆ. ಅಳೆಯದೆ ಉಳಿದ ಆಟ ಪ್ರತಿ ಸಲವೂ ಬೇರೆಯವರ ಕರುಣೆಯಲ್ಲಿ ಉಳಿಯಬೇಕಾಗುತ್ತದೆ.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕೆಂದೇನೂ ಇಲ್ಲ. ಪ್ರತಿ ಕಂಬಳದಲ್ಲಿ ಕರೆಯ ಉದ್ದ, ನೀರಿನ ಆಳ, ಯಾರು ಎಷ್ಟು ಸುತ್ತು ಓಡಿದರು, ನಡುವೆ ಎಷ್ಟು ಹೊತ್ತು ಬಿಡುವು ಸಿಕ್ಕಿತು, ಯಾರು ಬಿದ್ದರು, ಎಲ್ಲಿ ಪೆಟ್ಟಾಯಿತು ಎಂದು ಬರೆದಿಡುವ ಒಂದು ಪುಸ್ತಕದಿಂದ ಆರಂಭಿಸಬಹುದು. ರೈಲಿ ಅವರ ಫುಟ್‌ಬಾಲ್ ಅಧ್ಯಯನ ಆರಂಭವಾದದ್ದೂ ಇಂಥ ತಾಳ್ಮೆಯ ಗುರುತುಗಳಿಂದಲೇ. ಮೂಡುಬಿದಿರೆಯ ದೈಹಿಕ ಶಿಕ್ಷಣ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಹೊಸ ಸಂಶೋಧನಾ ವಿಷಯ ಸಿಗದು. ಓಟ ನಿಲ್ಲಿಸಿದ ಓಟಗಾರರಿಗೆ ಅಕಾಡೆಮಿಯಲ್ಲಿ ಗೌರವದ ಸಂಬಳದ ತರಬೇತುದಾರನ ಹುದ್ದೆ, ಜೊತೆಗೆ ಆ ಸಂಶೋಧನೆಯಲ್ಲಿ ಹೆಸರು ಸಮೇತ ಪಾಲು ಸಿಗಬೇಕು. ಹಿಮ್ಮಡಿಗೂ ಕಾಲ್ಬೆರಳಿಗೂ ಇರುವ ವ್ಯತ್ಯಾಸವನ್ನು ಎರಡೇ ಮಾತಿನಲ್ಲಿ ಹೇಳಬಲ್ಲವರನ್ನು ಪರೀಕ್ಷೆಗೆ ನಿಲ್ಲುವವರೆಂದು ಮಾತ್ರ ಕಾಣುವುದು ನಮ್ಮ ವಿದ್ಯಾಸಂಸ್ಥೆಗಳಿಗೇ ನಷ್ಟ. ಗ್ರಾಮೀಣ ಕ್ರೀಡೆಗಳಿಗೆ ಸಲ್ಲುವ ಕರ್ನಾಟಕ ಕ್ರೀಡಾರತ್ನ ಪ್ರಶಸ್ತಿ ಕಂಬಳದವರಿಗೂ ಸಂದಿದೆ, ಸನ್ಮಾನಗಳಿಗೆ ಕೊರತೆಯಿಲ್ಲ. ಸನ್ಮಾನ ಒಂದು ದಿನದ್ದು, ದಾಖಲೆ ಮತ್ತು ಹುದ್ದೆ ಬಾಳಿನುದ್ದಕ್ಕೂ ಇರುವಂಥವು. ಗುತ್ತಿನ ಆಳಾಗಿ ಓಡಿದವನು ಭೂಸುಧಾರಣೆಯ ಬಳಿಕ ಸಂಭಾವನೆ ಪಡೆಯುವ ಓಟಗಾರನಾದ, 2011ರ ಬಳಿಕ ಪಾಠ ಕಲಿತ ಓಟಗಾರನಾದ. ಅವನು ತನ್ನ ಓಟವನ್ನು ತಾನೇ ಅಳೆದು, ಬರೆದು, ಮುಂದಿನವರಿಗೆ ಕಲಿಸುವವನಾಗುವುದು ಈ ಚರಿತ್ರೆಯ ಮುಂದಿನ ಹೆಜ್ಜೆ. ಅದನ್ನು ಇಡಬೇಕಾದವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಂಬಳ ಸಮಿತಿಗಳು ಮತ್ತು ಕಾಲೇಜುಗಳು. ಅದಕ್ಕೆ ದೆಹಲಿಯಿಂದ ಇನ್ನೊಂದು ಕರೆ ಬರುವವರೆಗೆ ಕಾಯುವ ಅಗತ್ಯವಿಲ್ಲ.